ಹೆರಿಗೆ ವೆಚ್ಚ: ಕನ್ನಡದಲ್ಲೂ ಮಾಹಿತಿ ಸಿಗಲಿ

ಮಾನ್ಯರೇ,

ಅಮೆರಿಕದಲ್ಲಿ ಕೆಲಸದ ವೀಸಾ ಮೇಲೆ ನೆಲೆಸಿರುವ ನಮ್ಮವರು ಉದ್ಯೋಗದೊಂದಿಗೆ ಆರೋಗ್ಯ ವಿಮೆಯನ್ನೂ ಕಳೆದುಕೊಂಡಾಗ, ಮನೆಯಲ್ಲಿ ಗರ್ಭಿಣಿಯಿದ್ದರೆ ಹೆರಿಗೆಯ ವೆಚ್ಚವೇ ದೊಡ್ಡ ಆತಂಕವಾಗುತ್ತದೆ. ವಿಮೆಯಿಲ್ಲದೆ ಸಿಸೇರಿಯನ್ ಆದರೆ ಬಿಲ್ಲು ಹತ್ತಾರು ಸಾವಿರ ಡಾಲರ್ ಮುಟ್ಟಬಹುದು. ಹೆರಿಗೆ ನೋವಿನಿಂದ ತುರ್ತು ವಿಭಾಗಕ್ಕೆ ಬಂದವರನ್ನು ಹಣವಿಲ್ಲವೆಂದು ಹಿಂದಕ್ಕೆ ಕಳಿಸದಂತೆ 1986ರ ಕಾನೂನು ತಡೆಯುತ್ತದೆಯಾದರೂ, ಆ ಬಿಲ್ಲನ್ನು ಅದು ಮನ್ನಾ ಮಾಡುವುದಿಲ್ಲ.

ಉದ್ಯೋಗದ ವಿಮೆ ನಿಂತ 60 ದಿನಗಳೊಳಗೆ ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ ಹೊಸ ವಿಮೆ ಕೊಳ್ಳಲು ಅವಕಾಶವಿದೆ. ಗಡುವು ಮೀರಿದರೆ, ಗರ್ಭಿಣಿಯಾಗಿದ್ದರೂ ಬಹುತೇಕ ರಾಜ್ಯಗಳಲ್ಲಿ ವಾರ್ಷಿಕ ನೋಂದಣಿಯ ಅವಧಿಗೆ ಮುಂಚೆ ಮತ್ತೆ ಬಾಗಿಲು ತೆರೆಯುವುದಿಲ್ಲ. ಮಗು ಹುಟ್ಟಿದ ಮೇಲೆ ತೆರೆಯುತ್ತದೆ ಎಂಬುದು ವಿಚಿತ್ರವೇ ಸರಿ. ವಿಮೆಯಿಲ್ಲದವರು ಆಸ್ಪತ್ರೆಯಿಂದ ಮುಂಚಿತವಾಗಿಯೇ ಲಿಖಿತ ಅಂದಾಜು ವೆಚ್ಚ ಪಡೆಯುವ ಹಕ್ಕು 2022ರಿಂದ ಜಾರಿಯಲ್ಲಿದೆ. ಲಾಭರಹಿತ ಆಸ್ಪತ್ರೆಗಳು ಕಡಿಮೆ ಆದಾಯದವರಿಗೆ ನೆರವಿನ ನೀತಿಯನ್ನು ಹೊಂದಿರಲೇಬೇಕು. ಯಾರೂ ಹೇಳಲಿಲ್ಲವೆಂದು ಸುಮ್ಮನಿರದೆ ಇವನ್ನು ಕೇಳಿ ಪಡೆಯಬೇಕು.

ಹಬ್ಬಗಳನ್ನು ಅಚ್ಚುಕಟ್ಟಾಗಿ ನಡೆಸುವ ಅಲ್ಲಿನ ಕನ್ನಡ ಕೂಟಗಳು, ಈ ಗಡುವು ಮತ್ತು ಹಕ್ಕುಗಳ ಕುರಿತ ಕಿರುಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಹೊಸದಾಗಿ ಬರುವ ಪ್ರತಿ ಕುಟುಂಬಕ್ಕೂ ತಲುಪಿಸಲಿ.

– ಓದುಗರೊಬ್ಬರು, ಮೈಸೂರು