ಬೇರಿಂಗ್ ಎಣಿಸಬ್ಯಾಡ್ರಿ, ಬ್ರೇಕ್ ನೋಡ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರೀ,

ಹೋದ ರವಿವಾರ ನಿಮ್ಮ ಹವ್ಯಾಸದ ಪುಟದಾಗ ಒಂದು ಲೇಖನ ಬಂದಿತ್ತು, ಬಾಸ್ ಮೀನು ಹಿಡಿಯಾಕ ಮೊದಲ ಬೇಟ್‌ಕಾಸ್ಟಿಂಗ್ ರೀಲು, ಅಂದ್ರ ಗಾಳದ ದಾರ ಸುತ್ತೋ ಒಂದು ಥರದ ಸಾಧನ, ಹೆಂಗ ಆರಿಸ್ಬೇಕು ಅಂತ. ಕನ್ನಡ ಪೇಪರ್‌ನ್ಯಾಗ ಇಂಥಾ ವಿಷಯ ಬಂದದ್ದು ನೋಡಿ ಖುಷಿ ಆತು, ಇಲ್ಲಾಂದ್ರ ನಮ್ಮ ವಾಸ್ಕೋ ಕಡೆ ಹುಡುಗ್ರು ಎಲ್ಲಾ ವಿಡಿಯೋ ನೋಡೇ ಕಲಿಯೋದು. ಆದ್ರ ಆ ಲೇಖನದಾಗ ಬೇರಿಂಗ್ (ಒಳಗಿನ ಭಾಗ ಸರಾಗ ತಿರುಗಾಕ ಹಾಕೋ ಗುಂಡಿನ ಬಳಿ) ಜಾಸ್ತಿ ಇದ್ದದ್ದು ತಗೊಳ್ರಿ, ಗೇರ್ ರೇಶಿಯೋ ಜಾಸ್ತಿ ಇದ್ದದ್ದು ತಗೊಳ್ರಿ, ಮೊದಲ ಅಗ್ಗದ್ದರಾಗ ಕಲ್ತು ಆಮ್ಯಾಲೆ ಛಲೋದು ತಗೊಳ್ರಿ ಅಂತ ಬರದಿದ್ದು ನನಗ ಒಪ್ಪಿಗಿ ಇಲ್ಲ. ಮೂರೂ ಮಾತು ರೊಕ್ಕ ಕಡಿಮಿ ಇದ್ದವರಿಗೇ ಪೆಟ್ಟು ಕೊಡೋವು.

ಮೊದಲ ಮೀನಿನ ಮಾತು ಮುಗಿಸಿಬಿಡ್ತೀನಿ. ಲೇಖನದಾಗಿನ ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಜಪಾನಿನವರು 1925ರಾಗ ಅದನ್ನ ತಂದು ತಮ್ಮ ಆಶಿ ಸರೋವರಕ್ಕ ಬಿಟ್ರು, ಅಲ್ಲಿಂದ ದೇಶ ತುಂಬಾ ಹಬ್ಬಿ ಈಗ ಅವರಿಗೇ ತಲಿನೋವಾಗೇತಿ. 1932ರಾಗ ಜಾರ್ಜಿಯಾದಾಗ ಸಿಕ್ಕ 22 ಪೌಂಡಿನ ಬಾಸ್‌ನ ದಾಖಲೆಗೆ ಸರಿಸಮ ನಿಂತ ಮೀನು ಸಿಕ್ಕಿದ್ದೂ ಜಪಾನಿನ ಬಿವಾ ಸರೋವರದಾಗೇ, 2009ರಾಗ. ನಮ್ಮ ಮಾಂಡೋವಿ, ಜುವಾರಿಯೊಳಗ ಆ ಮೀನು ಎಲ್ಲಿಂದ ಬರಬೇಕ್ರಿ. ಇಲ್ಲಿ ಇರೋದು ಚೊಣಕ್, ಅಲಿಬಾಗ್ ಕಡೆಯವರು ಜಿತಾಡಾ ಅಂತಾರ, ಪುಸ್ತಕದಾಗ ಏಷ್ಯನ್ ಸೀಬಾಸ್ ಅಂತ ಇರ್ತೈತಿ. ಹೆಸರಿನ್ಯಾಗ ಬಾಸ್ ಐತಿ ಅಂತ ಅದರ ಸಂಬಂಧಿಕ ಅಲ್ಲ, ಆದ್ರ ಬೇಟೆ ಆಡೋ ರೀತಿ ಒಂದೇ ಥರ, ಕಲ್ಲು, ಕಾಂದಳದ ಬೇರು, ಖಾಜನ್ ಅನ್ನೋ ಹೊಳಿ ದಂಡಿಯ ಗದ್ದಿಗೆ ನೀರು ಬಿಡೋ ಮಾನಸ್ ಬಾಗಿಲದ ಮಗ್ಗಲಾಗ ಅವಿತು ಕುಂತು ಎದುರಿಗೆ ಬಂದದ್ದನ್ನ ಗಬಕ್ಕನ ಹಿಡಿತೈತಿ. ಹಂಗಾಗಿ ಬಾಸ್ ಸಲುವಾಗಿ ಮಾಡಿದ ರೀಲು ನಮಗೂ ನಡೀತೈತಿ, ಪುಣೆ ಕಡೆ ಕೆರಿ-ಡ್ಯಾಮಿನ್ಯಾಗ ಕೊರವ ಮೀನಿಗೂ ನಡೀತೈತಿ.

ಈಗ ರೀಲಿಗೆ ಬರೋಣು. ಸಾದಾ ಸ್ಪಿನ್ನಿಂಗ್ ರೀಲಿನ್ಯಾಗ ಒಗಿಯುವಾಗ ಸ್ಪೂಲ್, ಅಂದ್ರ ದಾರ ಸುತ್ತಿರೋ ಉರುಳಿ, ತಿರುಗೋದಿಲ್ಲ, ದಾರ ಅಷ್ಟ ಬಿಚ್ಚಿಕೊಂಡು ಹೋಗ್ತೈತಿ. ಬೇಟ್‌ಕಾಸ್ಟರ್‌ದಾಗ ಲೂರ್ (ಮೀನಿಗೆ ಒಡ್ಡೋ ನಕಲಿ ಆಹಾರ) ಹೋಗಿ ದಾರ ಎಳದಂಗೆಲ್ಲಾ ಸ್ಪೂಲ್ ತಾನೂ ಗರಗರ ತಿರಗ್ತೈತಿ. ಊರ ಬಾವಿಗೆ ಕೊಡಾ ಬಿಟ್ಟಾಗ ಕೊಡಾ ನೀರಿಗೆ ಬಡದ ಮ್ಯಾಲೂ ಗಡಗಡಿ ಇನ್ನೊಂದೆರಡು ಸುತ್ತು ತಿರುಗಿ ಹಗ್ಗ ಸಡಲಾಗ್ತೈತಲ್ಲ, ಹಂಗ. ಲೂರ್ ನಿಧಾನ ಆದ್ರೂ ಸ್ಪೂಲ್ ಜೋರಾಗೇ ಇದ್ರ ದಾರ ಒಳಗೇ ಉಬ್ಬಿ ಸಿಕ್ಕಾಗಿ ಹಕ್ಕಿಗೂಡು ಆಗಿಬಿಡ್ತೈತಿ, ಆಮ್ಯಾಲೆ ದಂಡಿ ಮ್ಯಾಲೆ ಕುಂತು ಅದನ್ನ ಬಿಡಿಸೋದ್ರಾಗ ಭರತಿ ಇಳದು ಹೋಗಿರ್ತೈತಿ. ಇಲ್ಲಿ ಮಧ್ಯಾಹ್ನದ ಮ್ಯಾಲೆ ಸಮುದ್ರದ ಗಾಳಿ ಎದುರಿಗೆ ಬೀಸಾಕ ಹತ್ತಿದ್ರ ಇದು ಇನ್ನೂ ಜಾಸ್ತಿ. ಇದನ್ನ ತಡಿಯೋದು ಎರಡೇ, ನಿಮ್ಮ ಹೆಬ್ಬೆರಳು ಮತ್ತ ರೀಲಿನ ಬ್ರೇಕು. ಹೆಬ್ಬೆರಳು ಪಳಗಾಕ ಟೈಮ್ ಬೇಕು, ಅಲ್ಲೀತನಕ ಕಾಯೋದು ಬ್ರೇಕ್. ಅದಕ್ಕ ಹೊಸಬರು ರೊಕ್ಕ ಸುರೀಬೇಕಾದ್ದು ಅಲ್ಲಿ.

ಬ್ರೇಕಿನ್ಯಾಗ ಎರಡು ಥರ. ಒಂದು ಮ್ಯಾಗ್ನೆಟಿಕ್, ಅಲ್ಯೂಮಿನಿಯಂ ಸ್ಪೂಲ್ ಆಯಸ್ಕಾಂತದ ಹತ್ರ ತಿರುಗಿದಾಗ ಅದರೊಳಗ ಕರೆಂಟ್ ಹುಟ್ಟಿ ತನಗ ತಾನೇ ತಡಿ ಹಾಕ್ಕೋತೈತಿ, ಮಗ್ಗಲಾಗಿನ ಡಯಲ್ ತಿರುವಿದ್ರ ಸಾಕು ಹೆಚ್ಚು ಕಡಿಮಿ ಆಗ್ತೈತಿ. ಇನ್ನೊಂದು ಸೆಂಟ್ರಿಫ್ಯೂಗಲ್, ಒಳಗಿನ ಸಣ್ಣ ಸಣ್ಣ ಗುಂಡಿ ಜೋರು ತಿರುಗಿದಾಗ ಹೊರಗ ಸರದು ರಿಂಗಿಗೆ ಉಜ್ಜಿ ಸ್ಪೂಲ್ ಹಿಡಿತಾವ, ಒಗದ ಕೂಡ್ಲೇ ಸ್ಪೀಡ್ ಜಾಸ್ತಿ ಇದ್ದಾಗ ಗಟ್ಟಿ ಹಿಡಿದು ಆಮ್ಯಾಲೆ ಬಿಡ್ತಾವ. ಎರಡೂ ಛಲೋನೇ, ಆದ್ರ ಕಲಿಯವ್ರಿಗೆ ನಾನು ಹೇಳೋದು ಹೊರಗಿಂದನೇ ಡಯಲ್ ಇರೋ ಮ್ಯಾಗ್ನೆಟಿಕ್. ಸೆಂಟ್ರಿಫ್ಯೂಗಲ್‌ದ ಅಗ್ಗದ ಮಾಡೆಲ್‌ಗಳಾಗ ಭಾಳಷ್ಟಕ್ಕ ಬ್ರೇಕ್ ಹೆಚ್ಚು ಕಡಿಮಿ ಮಾಡಾಕ ಪ್ರತಿ ಸಲ ಮಗ್ಗಲಿನ ಪ್ಲೇಟ್ ಬಿಚ್ಚಬೇಕು, ಕೆಸರಿನ್ಯಾಗ ನಿಂತು ಅದನ್ಯಾರು ಬಿಚ್ತಾರ್ರಿ, ಬಿಚ್ಚುವಾಗ ಗುಂಡಿ ಬಿದ್ರ ಹೋತು.

ಅಂಗಡ್ಯಾಗ ನೋಡೋದು ಹಿಂಗ. ಸ್ಪೂಲ್ ಬಿಡಿಸೋ ಹೆಬ್ಬೆರಳಿನ ಬಾರ್ ಒತ್ತಿ, ಡಯಲ್ ಸೊನ್ನೆಗೆ ಇಟ್ಟು ಬೆರಳಿಂದ ಸ್ಪೂಲ್ ಜೋರಾಗಿ ತಿರುವ್ರಿ, ಎಷ್ಟೊತ್ತು ತಿರುಗತೈತಿ ನೋಡ್ರಿ. ಆಮ್ಯಾಲೆ ಡಯಲ್ ಪೂರ್ತಿ ಏರಿಸಿ ಇನ್ನೊಮ್ಮೆ ತಿರುವ್ರಿ. ಕಣ್ಣಿಗೆ ಕಾಣೋಷ್ಟು ಫರಕ್ ಇರ್ಬೇಕು. ಜುವಾರಿ ದಂಡಿ ಮ್ಯಾಲೆ ಒಬ್ಬ ಹುಡುಗ ಆನ್‌ಲೈನ್‌ದಾಗ ತರಿಸಿದ ಹೆಸರಿಲ್ಲದ ರೀಲು ತೋರಿಸಿದ, ಡಬ್ಬಿ ಮ್ಯಾಲೆ ದೊಡ್ಡ ಅಕ್ಷರದಾಗ 18+1 ಅಂತ, ಬಣ್ಣ ಅಂತೂ ಬಂಗಾರದ್ದು. ಡಯಲ್ 1ಕ್ಕ ಇಟ್ರೂ ಅಷ್ಟ, 10ಕ್ಕ ಇಟ್ರೂ ಅಷ್ಟ. ಸ್ಪೂಲನ್ನ ಆಚೆ ಈಚೆ ಅಲ್ಲಾಡಿಸಿದ್ರ ಕಟಕಟ ಅಂತಿತ್ತು, ಸ್ಪೂಲಿಗೂ ಚೌಕಟ್ಟಿಗೂ ನಡುವಿನ ಸಂದಿಯೊಳಗ ದಾರ ಹೋಗಿ ಸಿಕ್ಕು ಕಪ್ಪಾಗಿತ್ತು. ಹತ್ತೊಂಬತ್ತು ಬೇರಿಂಗ್ ತಗೊಂಡು ಏನ್ ಮಾಡೋದ್ರಿ? ಒಗಿಯುವಾಗ ಕೆಲಸಕ್ಕ ಬರೋವು ಮುಖ್ಯವಾಗಿ ಸ್ಪೂಲ್ ಹಿಡಿಯೋವು, ಅವು ಎರಡೋ ಮೂರೋ. ಉಳಿದವು ಹ್ಯಾಂಡಲ್‌ನ್ಯಾಗ, ಗೇರಿನ್ಯಾಗ, ಸುತ್ತುವಾಗ ಒಂಚೂರು ಮೆತ್ತಗ ಅನಸ್ತೈತಿ ಅಷ್ಟ. ಈ ಜಾತಿ ರೀಲು ಮೊದಮೊದಲ ಮಾಡಿದವರು ಗಡಿಯಾರದವರು, ಅಮೆರಿಕದ ಕೆಂಟಕಿಯೊಳಗ ಜಾರ್ಜ್ ಸ್ನೈಡರ್ ಅನ್ನೋವ ವಾಚ್ ರಿಪೇರಿಯವ, ಸ್ವೀಡನ್ನಿನ ಅಬು ಕಂಪನಿಯೂ 1921ರಾಗ ಗಡಿಯಾರದ ಫ್ಯಾಕ್ಟರಿ ಆಗೇ ಶುರು ಆದದ್ದು. ಅಷ್ಟು ನಾಜೂಕಿನ ಕೆಲಸ ಇದು, ಅದಕ್ಕ ನಾಲ್ಕೈದು ಬೇರಿಂಗಿದ್ದೇ ಆದ್ರೂ ಶಿಮಾನೋ, ಡೈವಾ, ಅಬು ಗಾರ್ಸಿಯಾ ಇಂಥವರ ಶುರುವಿನ ಮಾಡೆಲ್ ತಗೊಂಡ್ರ ಬಿಡಿ ಭಾಗ ಸಿಗೋ ದಾರಿಯಾದ್ರೂ ಇರ್ತೈತಿ. ಅಗ್ಗದ್ದರಾಗ ಕಲೀರಿ ಅನ್ನೋ ಮಾತಿಗೆ ಇದೇ ನನ್ನ ತಕರಾರು. ಬ್ರೇಕ್ ಹಿಡಿಯದ ರೀಲಿನ್ಯಾಗ ಹುಡುಗ ಕಲಿಯೋದು ಸಿಕ್ಕು ಬಿಡಿಸೋದಷ್ಟ, ಆಮ್ಯಾಲೆ ಇದು ನನ್ನ ಕೈಲೆ ಆಗೋದಲ್ಲ ಅಂತ ಬಿಟ್ಟೇಬಿಡ್ತಾನ. ಹೊಸದಕ್ಕ ರೊಕ್ಕ ಸಾಲದಿದ್ರ ಇದೇ ಕಂಪನಿಗಳ ಸೆಕೆಂಡ್ ಹ್ಯಾಂಡ್ ನೋಡ್ಲಿ, ಗೇರ್ ಗರಗರ ಅನ್ನದಿದ್ರ ಸಾಕು.

ಗೇರ್ ರೇಶಿಯೋ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲ್ ಎಷ್ಟು ಸುತ್ತು ಅನ್ನೋದಷ್ಟ ಅದು, ಒಂದೇ ರೀಲು ಇಟ್ಕೊಳ್ಳೋರಿಗೆ 6 ಚಿಲ್ಲರೆಯಿಂದ 7ರ ತನಕ ಇದ್ರ ಎಲ್ಲಾದಕ್ಕೂ ಆಗ್ತೈತಿ. 8ರ ಮ್ಯಾಲಿಂದು ತಗೊಂಡು ನೀರು ತಳ್ಳೋ ದೊಡ್ಡ ಕ್ರ್ಯಾಂಕ್‌ಬೇಟ್ ಅನ್ನೋ ಲೂರ್ ಎಳದ್ರ ಕೈ ಸೋಲ್ತಾವ.

ಲೇಖನದಾಗ ಬರೀದೇ ಬಿಟ್ಟದ್ದು ಲೂರಿನ ತೂಕ, ಅದೇ ಮುಖ್ಯ. ಸಾದಾ ಬೇಟ್‌ಕಾಸ್ಟರ್ 10 ಗ್ರಾಮಿನ ಮ್ಯಾಲಿನ ಲೂರ್ ಸರಾಗ ಒಗೀತೈತಿ, 7 ಗ್ರಾಮಿನ ಕೆಳಗ ಹೋದ್ರ ಸ್ಪೂಲ್ ಎಬ್ಬಿಸಾಕ ತೂಕನೇ ಸಾಲೋದಿಲ್ಲ, ಆವಾಗ ಹುಡುಗ ಜೋರು ಮಾಡ್ತಾನ, ಜೋರು ಮಾಡಿದ ಕೂಡ್ಲೇ ಗೂಡು. ನಿಮ್ಮ ಡಬ್ಯಾಗ ಇರೋವು ಎಲ್ಲಾ ಸಣ್ಣ ಸಣ್ಣ ಲೂರೇ ಆಗಿದ್ರ ಸುಮ್ನ ಸ್ಪಿನ್ನಿಂಗ್ ರೀಲೇ ಇಟ್ಕೊಳ್ರಿ, ಅದರಾಗ ನಾಚಿಕಿ ಏನೂ ಇಲ್ಲ. ಕಲಿಯಾಕ 14 ಗ್ರಾಮಿಂದು ಒಂದು ಛಲೋ.

ಬಜೆಟ್ ಎಲ್ಲಾ ರೀಲಿಗೇ ಹಾಕಬ್ಯಾಡ್ರಿ, ಸ್ಪಿನ್ನಿಂಗ್ ರಾಡಿಗೆ ಇದು ಕೂಡೋದಿಲ್ಲ, ದಾರ ಹಾಯೋ ರಿಂಗ್ ಮ್ಯಾಲ್ಮಗ್ಗಲಿಗಿದ್ದು ಹಿಡಿಗೆ ಬೆರಳು ಸಿಗಿಸೋ ಟ್ರಿಗರ್ ಇರೋ ರಾಡು ಬೇರೆ ಬೇಕು. ದಾರ ಮೊದಲಿಗೆ 12-14 ಪೌಂಡಿನ ಸಾದಾ ನೈಲಾನ್ ಸಾಕು, ಸಿಕ್ಕಾದ್ರ ಕತ್ತರಿಸಿ ಒಗದ್ರೂ ಹೊಟ್ಟಿ ಉರಿಯೋದಿಲ್ಲ. ಬ್ರೇಡ್, ಅಂದ್ರ ಹೆಣೆದ ದಾರ, ತುಟ್ಟಿ, ಮ್ಯಾಲಾಗಿ ಎಳತ ಬಿದ್ದಾಗ ಸುತ್ತಿನ ಒಳಗ ಕೊರಕೊಂಡು ಕುಂದರ್ತೈತಿ. ಸ್ಪೂಲ್ ಅಂಚಿಗಿಂತ ಸುಮಾರು 3 ಮಿಲಿಮೀಟರ್ ಕೆಳಗ ನಿಲ್ಲೋ ಹಂಗ ಸುತ್ರಿ, ತುಳುಕೋ ಹಂಗ ಅಲ್ಲ. ಎಡಗೈಯಿಂದ ಸುತ್ತೋದೋ ಬಲಗೈಯಿಂದ ಸುತ್ತೋದೋ ಅನ್ನೋದನ್ನ ಆರ್ಡರ್ ಮಾಡೋಕಿಂತ ಮೊದಲ ನೋಡ್ರಿ, ಸ್ಪಿನ್ನಿಂಗ್ ರೀಲಿನ್ಯಾಗ ಬರ್ತೈತಿ, ಆದ್ರ ಇದರ ಹ್ಯಾಂಡಲ್ ಆಚೆ ಈಚೆ ಬದಲಿ ಮಾಡಾಕ ಬರೋದಿಲ್ಲ. ಶಿಮಾನೋ ಮಾಡೆಲ್ ನಂಬರಿನ್ಯಾಗ 150 ಅಂದ್ರ ಬಲ, 151 ಅಂದ್ರ ಎಡ.

ಹ್ಯಾಂಡಲ್ ಮಗ್ಗಲಾಗ ಒಂದು ಸಣ್ಣ ಟೆನ್ಷನ್ ನಾಬ್ ಇರ್ತೈತಿ, ಲೂರ್ ಬದಲಿ ಮಾಡಿದಾಗೆಲ್ಲಾ ಅದನ್ನ ಮುಟ್ಟಬೇಕು. ಲೂರ್ ಕಟ್ಟಿ ರಾಡ್ ಮುಂದ ಹಿಡಿದು ಬಾರ್ ಒತ್ರಿ, ಲೂರ್ ನಿಧಾನಕ್ಕ ಇಳದು ನೆಲಕ್ಕ ತಾಗಿದ ಕೂಡ್ಲೇ ಸ್ಪೂಲ್ ನಿಲ್ಲಬೇಕು, ನಿಲ್ಲದಿದ್ರ ನಾಬ್ ಇನ್ನಷ್ಟು ಬಿಗಿ ಮಾಡ್ರಿ. ಬ್ರೇಕ್ ಪೂರ್ತಿಗಿಂತ ಒಂಚೂರು ಕೆಳಗ ಇಟ್ಟು ಶುರು ಮಾಡ್ರಿ, ಕೈ ಕುಂತಂಗ ಇಳಿಸ್ಕೋತ ಹೋಗ್ರಿ. ಲೂರ್ ನೀರಿಗೆ ಬೀಳೋ ಹೊತ್ತಿಗೆ ಹೆಬ್ಬೆರಳು ಸ್ಪೂಲ್ ಮ್ಯಾಲೆ ಇರ್ಬೇಕು, ಎಷ್ಟ ತುಟ್ಟಿ ರೀಲಿದ್ರೂ ಇದನ್ನ ಬಿಡಾಂಗಿಲ್ಲ.

ಗೋವಾದವರಿಗೆ ಇನ್ನೊಂದು. ಬಾಸ್ ರೀಲು ಸಿಹಿನೀರಿನ ಲೆಕ್ಕದಾಗ ಮಾಡಿದ್ದು, ನಮ್ಮ ಹೊಳಿ ಬಾಯಿಯ ನೀರೆಲ್ಲಾ ಉಪ್ಪು. ಮನಿಗೆ ಬಂದ ಕೂಡ್ಲೇ ನಳದ ಸಿಹಿನೀರು ಹಗೂರಕ ಬಿಟ್ಟು ತೊಳದು ಒಣಗಿಸ್ರಿ, ಪೈಪಿನ ಜೋರು ನೀರು ಹೊಡದ್ರ ಉಪ್ಪು ಒಳಗೇ ಹೋಗ್ತೈತಿ. ಮತ್ತ ಕುಂಭಾರ್ಜುವಾ ಕಾಲುವಿ ಕಡೆ ಹೋಗೋರು ನೀರಿನ್ಯಾಗ ಇಳದು ನಿಂದ್ರಬ್ಯಾಡ್ರಿ, ಅಲ್ಲಿ ಮೊಸಳಿ ಅದಾವ. ದೊಡ್ಡ ಚೊಣಕ್ ಸಿಕ್ರ ಬಿಟ್ಟುಬಿಡ್ರಿ ಅನ್ನೋದು ನನ್ನ ವಿನಂತಿ, ಈ ಮೀನು ಮೊದಲ ಗಂಡಾಗಿದ್ದು ದೊಡ್ಡದಾದ ಮ್ಯಾಲೆ ಹೆಣ್ಣಾಗ್ತೈತಿ, ಮೊಟ್ಟಿ ಇಡೋವು ಅವೇ.

ಸಂಪಾದಕರೇ, ಮುಂದಿನ ಸಲ ರೀಲಿನ ರೇಟ್ ಪಟ್ಟಿ ಹಾಕಿದ್ರ ಮಗ್ಗಲಾಗ ಬ್ರೇಕ್ ಯಾವ ಥರದ್ದು, ಎಷ್ಟು ಗ್ರಾಮಿನ ಲೂರ್ ಒಗೀತೈತಿ, ಬಿಡಿ ಭಾಗ ಸಿಗ್ತಾವೋ ಇಲ್ಲೋ ಅನ್ನೋ ಮೂರು ಕಾಲಂ ಸೇರಿಸ್ರಿ. ಬೇರಿಂಗಿನ ಕಾಲಂ ತಗದ್ರ ಜಾಗಾ ಆಗ್ತೈತಿ.

ಇಂತಿ,
ನಿಮ್ಮ ಓದುಗ, ವಾಸ್ಕೋ, ಗೋವಾ