ಗದ್ದದ ಗೆರೆ ಸುಮ್ಮನಾಗುವ ಹೊತ್ತು

ಪ್ರೀತಿಯ ಗೆಳೆಯಾ,

ನೀನು ಕೇಳಿದ್ದು ಒಂದೇ ಸಾಲು: "ನಿದ್ದೆ ಪರೀಕ್ಷೆಗೆ ತಲೆಗೆ ವೈರು ಅಂಟಿಸೋದು ಸರಿ, ಗದ್ದಕ್ಕೆ ಯಾಕೋ?" ಫೋನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಇದನ್ನು ಕೇಳುವವರು ನೀನೊಬ್ಬನೇ ಅಲ್ಲ. ಅದಕ್ಕೇ ನಾಲ್ಕು ಜನರ ಎದುರೇ ಬರೀತಿದ್ದೀನಿ. ಉಪ್ಪಿಟ್ಟಿನ ವಿಷಯ ಮಾತ್ರ ನಮ್ಮಿಬ್ಬರಲ್ಲೇ ಇರಲಿ.

ಗದ್ದದ ವೈರಿನ ಮೂಲ ಇರೋದು ಫ್ರಾನ್ಸಿನ ಲಿಯಾನ್ ಊರಲ್ಲಿ, ಮಿಷೆಲ್ ಜುವೆ ಅನ್ನೋ ನರವಿಜ್ಞಾನಿಯ ಬೆಕ್ಕುಗಳಲ್ಲಿ. ಅವರು ಆಗ ಹುಡುಕುತ್ತಿದ್ದದ್ದು ನಿದ್ದೆಯನ್ನಲ್ಲ. ಹೊಸ ಸದ್ದಿಗೆ ಬೆಚ್ಚಿ ಕಿವಿಗೊಡುವ ಬೆಕ್ಕು, ಅದೇ ಸದ್ದು ಮತ್ತೆ ಮತ್ತೆ ಬಂದರೆ ಹೇಗೆ ಒಗ್ಗಿಹೋಗುತ್ತದೆ ಅನ್ನೋದು ಅವರ ಪ್ರಶ್ನೆ. ಕೆಲವು ಬೆಕ್ಕುಗಳಿಗೆ ಮಿದುಳಿನ ಹೊರಪದರವನ್ನೇ ತೆಗೆದಿತ್ತು. ಅಲ್ಲಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ಗೆರೆ, ನೋಡಿ ಎಚ್ಚರ ಅಳೆಯೋಕಾಗಲ್ಲ. ಹಾಗಾಗಿ ಕತ್ತಿನ ಸ್ನಾಯುವಿಗೆ ತಂತಿ ಹಾಕಿದರು. ಆ ಗೆರೆ ಆಗಾಗ ಇದ್ದಕ್ಕಿದ್ದಂತೆ ಸಪಾಟಾಗಿಬಿಡುತ್ತಿತ್ತು. ಅದೇ ಹೊತ್ತಿಗೆ ಮಿದುಳುಕಾಂಡದ ಪಾನ್ಸ್ ಭಾಗದಲ್ಲಿ ಚೂಪಾದ ಅಲೆಗಳು. ಪೂರ್ತಿ ಮಿದುಳಿದ್ದ ಬೆಕ್ಕಿನಲ್ಲಿ ನೋಡಿದರೆ ಇಇಜಿ ಎಚ್ಚರದಲ್ಲಿರುವ ಹಾಗೇ ಚುರುಕು, ಮೈ ಮಾತ್ರ ಹಸಿ ಬಟ್ಟೆ. ನಿದ್ದೆಯಲ್ಲಿ ಕಣ್ಣುಗುಡ್ಡೆ ಓಡಾಡೋದನ್ನು ಷಿಕಾಗೋದ ಸಂಶೋಧಕರು 1953ರಲ್ಲೇ ಬರೆದಿದ್ದರು. ಸ್ನಾಯು ಸತ್ತಂತಾಗುತ್ತದೆ, ಅದರ ಯಜಮಾನಿಕೆ ಪಾನ್ಸ್‌ನದ್ದು ಅಂತ ತೋರಿಸಿದ್ದು ಜುವೆ. ಕಣ್ಣುಗುಡ್ಡೆ ಓಡಾಡುವ, ಕನಸು ಕಾಣುವ ಈ ನಿದ್ದೆಗೆ ನಾವು ರೆಮ್ ನಿದ್ದೆ ಅಂತೀವಿ, ಅವರು ವಿರೋಧಾಭಾಸದ ನಿದ್ದೆ ಅಂತ ಕರೆದರು.

1965ರಲ್ಲಿ ಅವರೂ ಡೆಲೋರ್ಮ್ ಅವರೂ ಪಾನ್ಸ್‌ನ ಎರಡೂ ಬದಿಯಲ್ಲಿ, ಲೋಕಸ್ ಸೆರುಲಿಯಸ್ ಅನ್ನೋ ನೀಲಿ ಚುಕ್ಕೆಯ ಪಕ್ಕದ ಒಂದು ಚಿಕ್ಕ ಜಾಗವನ್ನು ಹಾಳುಮಾಡಿ ನೋಡಿದರು. ರೆಮ್ ನಿದ್ದೆ ಬಂತು, ಸ್ನಾಯುಗಳಿಗೆ ಬೀಳಬೇಕಾದ ಬೀಗ ಬೀಳಲಿಲ್ಲ. ಬೆಕ್ಕು ನಿದ್ದೆಯಲ್ಲೇ ಎದ್ದು ಹೊಂಚು ಹಾಕಿತು, ಇಲ್ಲದ ಬೇಟೆಯ ಮೇಲೆ ಎಗರಿತು. ನಿಜವಾಗಿ ಕಣ್ಣೆದುರು ಇದ್ದದ್ದರ ಕಡೆ ಗಮನವೇ ಇಲ್ಲ.

ಇಷ್ಟು ಸಾಕು ನೋಡು, ನಿದ್ದೆಯಲ್ಲಿ ಮೈ ಸುಮ್ಮನಿರೋದು ಸುಸ್ತಿನಿಂದಲ್ಲ ಅಂತ ಗೊತ್ತಾಗೋಕೆ. ಕನಸಿನಲ್ಲಿ ಓಡು, ಹೊಡೆ ಅನ್ನೋ ಆಜ್ಞೆ ಹೊರಡುತ್ತಲೇ ಇರುತ್ತದೆ. ಪಾನ್ಸ್‌ನ ಆ ಜಾಗದ ಕೋಶಗಳು ಕೆಳಗೆ ಮಿದುಳುಕಾಂಡದ ಬುಡದ ಮೆಡುಲ್ಲಾಕ್ಕೂ ಬೆನ್ನುಹುರಿಗೂ ಸುದ್ದಿ ಮುಟ್ಟಿಸುತ್ತವೆ. ಅಲ್ಲಿ ಗ್ಲೈಸಿನ್, ಗಾಬಾ ಅನ್ನೋ ತಡೆಯುವ ರಾಸಾಯನಿಕಗಳು ಸುರಿದು ಸ್ನಾಯುವಿನ ನರಕೋಶಗಳ ಬಾಯಿ ಕಟ್ಟುತ್ತದೆ. ಎಚ್ಚರದಲ್ಲಿ ಸ್ನಾಯುವನ್ನು ಬಿಗಿಯಾಗಿ ಇಟ್ಟಿರುವ ನೀಲಿ ಚುಕ್ಕೆಯೂ ರೆಮ್‌ನಲ್ಲಿ ಮೌನ. ಉಸಿರಾಡಿಸುವ ವಪೆಗೂ ಕಣ್ಣಿನ ಸ್ನಾಯುಗಳಿಗೂ ಮಾತ್ರ ವಿನಾಯಿತಿ.

ಈಗ ನಿನ್ನ ಗದ್ದ. ಬೆಕ್ಕಿನಲ್ಲಿ ಕತ್ತಿನಿಂದ ಓದಿದ ಗೆರೆಯನ್ನೇ ಮನುಷ್ಯನಲ್ಲಿ ಗದ್ದದಿಂದ ಓದ್ತೀವಿ. ಒಂದು ಎಲೆಕ್ಟ್ರೋಡ್ ದವಡೆಯ ಅಂಚಿನಿಂದ 1 ಸೆಂ.ಮೀ. ಮೇಲೆ, ನಟ್ಟನಡುವೆ. ಇನ್ನೆರಡು ಅಂಚಿನಿಂದ 2 ಸೆಂ.ಮೀ. ಕೆಳಗೆ, ನಡುಗೆರೆಯಿಂದ ಎಡಕ್ಕೆ 2, ಬಲಕ್ಕೆ 2. ಕೆಳಗಿನ ಎರಡರಲ್ಲಿ ಒಂದು ಸ್ಪೇರ್, ಯಾಕಂದರೆ ರಾತ್ರಿ ಒಂದಾದರೂ ಕಿತ್ತುಬರುತ್ತದೆ. ಚರ್ಮ ಚೆನ್ನಾಗಿ ಉಜ್ಜಿ ಇಂಪಿಡೆನ್ಸ್ (ವಿದ್ಯುತ್ತಿಗೆ ಚರ್ಮ ಒಡ್ಡುವ ಅಡ್ಡಿ) 5 ಕಿಲೋ ಓಮ್‌ಗಿಂತ ಕೆಳಗೆ ತರಬೇಕು. ಇಲ್ಲದಿದ್ದರೆ ಕರೆಂಟಿನ 50 ಹರ್ಟ್ಜ್ ಬಂದು ಗೆರೆ ದಪ್ಪಗಾಗುತ್ತದೆ, ಸ್ನಾಯುವೇ ಬಿಗಿದಿದೆ ಅಂತ ಮೋಸಹೋಗುತ್ತೀವಿ. ಗೊರಕೆಯೂ ಗದ್ದದಲ್ಲಿ ಬರುತ್ತದೆ, ಆದರೆ ಉಸಿರಿನ ತಾಳಕ್ಕೆ ಸರಿಯಾಗಿ. ಅದಕ್ಕೇ ಮುಂಗೈ ಸ್ನಾಯುವಿಗೂ ಒಂದು ಜೋಡಿ ಹಾಕೋದು ಒಳ್ಳೇದು, ಅಲ್ಲಿ ಗೊರಕೆ ಕೇಳಿಸಲ್ಲ.

ಆಮೇಲೆ 30 ಸೆಕೆಂಡಿನ ಒಂದೊಂದೇ ತುಣುಕು ನೋಡಬೇಕು. ರೆಮ್‌ನ ತುಣುಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಗದ್ದ ಬಿಗಿದೇ ಇದ್ದರೆ, ಬೀಗ ಬಿದ್ದಿಲ್ಲ ಅನ್ನೋದಕ್ಕೆ ಒಂದು ಗುರುತು. ಅದನ್ನೇ 3 ಸೆಕೆಂಡಿನ ಹತ್ತು ಚೂರು ಮಾಡಿ, ಐದು ಅಥವಾ ಹೆಚ್ಚು ಚೂರುಗಳಲ್ಲಿ ಸ್ನಾಯು ಚಿಮ್ಮಿದ್ದರೆ ಇನ್ನೊಂದು. ಇದಕ್ಕೆ ಕಾಯಿಲೆಯ ಹೆಸರಿಡುವ ಮೊದಲು ಎರಡು ವಿಚಾರಿಸಲೇಬೇಕು. ಖಿನ್ನತೆಯ ಮಾತ್ರೆ ಏನಾದರೂ ನಡೀತಿದೆಯಾ? ಎಷ್ಟೋ ಮಾತ್ರೆಗಳು ಈ ಬೀಗವನ್ನು ಸಡಿಲಿಸುತ್ತವೆ (ಹಾಗಂತ ತಾವೇ ನಿಲ್ಲಿಸಬಾರದು). ಉಸಿರು ಕಟ್ಟುವ ಆಪ್ನಿಯಾ ಇದೆಯಾ? ಉಸಿರು ಸಿಕ್ಕ ಕ್ಷಣ ಒದ್ದಾಡೋದು ಥೇಟ್ ಕನಸಿನ ಜಗಳದ ಹಾಗೇ ಕಾಣುತ್ತದೆ.

ಇವೆರಡೂ ಅಲ್ಲ, ಮನೆಯವರು "ರಾತ್ರಿ ಕೂಗ್ತಾರೆ, ಒದೀತಾರೆ" ಅಂತಾರೆ ಅಂದರೆ, ಜುವೆಯ ಬೆಕ್ಕು ಮನುಷ್ಯನಲ್ಲಿ ಕಂಡ ಹಾಗೆ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಶೆಂಕ್, ಮಹೋವಾಲ್ಡ್ ಮತ್ತು ಸಂಗಡಿಗರು 1986ರಲ್ಲಿ ಇದನ್ನು ವರದಿ ಮಾಡಿದರು. 1996ಕ್ಕೆ ಅವರ 29 ಹಿರಿಯ ಗಂಡಸರಲ್ಲಿ 11 ಜನಕ್ಕೆ ಪಾರ್ಕಿನ್ಸನ್ ರೀತಿಯ ತೊಂದರೆ ಶುರುವಾಗಿತ್ತು. 2013ರ ವರದಿಯಲ್ಲಿ, ಜಾಡು ಸಿಕ್ಕ 26 ಜನರಲ್ಲಿ 21 ಜನಕ್ಕೆ ಪಾರ್ಕಿನ್ಸನ್ ಅಥವಾ ಮರೆಗುಳಿತನ. ಕೈ ನಡುಗೋಕೆ ಎಷ್ಟೋ ವರ್ಷ ಮುಂಚೆ ಕಾಯಿಲೆ ಮಿದುಳುಕಾಂಡದಲ್ಲಿ ಕೆಲಸ ಶುರುಮಾಡಿರುತ್ತದೆ.

ಇದನ್ನು ಬರೆಯಬೇಕು ಅಂತ ಕೂತದ್ದಲ್ಲ. ಆದರೂ ಹೇಳಿಬಿಡ್ತೀನಿ. ಸುಮ್ಮನಾಗದ ಗದ್ದದ ಗೆರೆ ನೋಡಿದಾಗ ನನಗೆ ಭಯವಾಗುತ್ತದೆ. ಮುಂದೆ ಬರಬಹುದಾದದ್ದನ್ನು ತಡೆಯೋ ಔಷಧಿ ಇಲ್ಲ. ಹಾಗಿರುವಾಗ ನಗುನಗುತ್ತಾ ಬೆಳಗಿನ ಕಾಫಿ ಕೇಳುವ ಮನುಷ್ಯನಿಗೆ ಎಷ್ಟು ಹೇಳೋದು? ವರದಿಯ ಕೊನೆಯ ಸಾಲನ್ನು ಬರೆದು, ಅಳಿಸಿ, ಮತ್ತೆ ಬರೆದಿದ್ದೀನಿ. ಈಗೀಗ ಮೊದಲು ಕೇಳುತ್ತೀನಿ: "ಮುಂದಿನದ್ದು ತಿಳ್ಕೋಬೇಕು ಅನಿಸುತ್ತಾ?" ಅದು ಸರಿಯೋ ತಪ್ಪೋ ಅಂತ ರಾತ್ರಿ ಎರಡು ಗಂಟೆಗೂ ಯೋಚಿಸುತ್ತೀನಿ.

ಇರಲಿ, ಮಾತು ಭಾರವಾಯಿತು. ಮಾಡಬಹುದಾದ್ದೂ ಇದೆ. ಹಾಸಿಗೆ ನೆಲಕ್ಕೆ ಇಳಿಸಬೇಕು, ಪಕ್ಕದ ಗಾಜಿನ ಲೋಟ, ಚೂಪು ಮೂಲೆಯ ಮೇಜು ಎತ್ತಿಡಬೇಕು. ಮೆಲಟೋನಿನ್ ಎಷ್ಟೋ ಜನರ ಒದೆತ ಕಡಿಮೆ ಮಾಡುತ್ತದೆ. ಕ್ಲೋನಾಜೆಪಾಮ್ ಅನ್ನೋ ಮಾತ್ರೆ ಕೂಡ, ಆದರೆ ಆಪ್ನಿಯಾ ಇದ್ದವರಿಗೆ ಹುಷಾರು.

ಯಾರಿಗೋಸ್ಕರ ಕೇಳಿದೆ ಅಂತ ನಾನು ಕೇಳಲ್ಲ. ಕರೆದುಕೊಂಡು ಬಾ, ಮಾತ್ರೆಗಳ ಚೀಟಿಯೂ ಇರಲಿ. ನಿನಗೇ ಆಗಿದ್ದರೆ ಗದ್ದದ ಕೆಳಗೆ ಎರಡು ಬೆರಳಗಲ ಬೋಳಿಸಿಕೊಂಡು ಬಾ. ಹದಿನೆಂಟು ವರ್ಷದ ಆ ಗಡ್ಡದ ಮೇಲೆ ಏನೂ ಅಂಟಲ್ಲ ಮಾರಾಯ.

ನಿನ್ನವನೇ