ಕೆಂಪು ಚೀಲ ನನ್ನ ಕೈಯಲ್ಲೇ ಇರುತ್ತೆ

ಮಾಟುಂಗಾ, ಮುಂಬೈ

ಚಿ. ಸೌ. ಸುಮಾಗೆ ಅಕ್ಕನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ಬರುತ್ತೇನೆ. ಮೊನ್ನೆ ಫೋನಿನಲ್ಲಿ "ನೋಡೋಣ" ಅಂದದ್ದಕ್ಕೆ ನಿನಗೆ ಸಿಟ್ಟು ಬಂತು, ಗೊತ್ತು. ಮಗಳ ಮದುವೆಗೆ ದೊಡ್ಡಮ್ಮನೇ ಇಲ್ಲದಿದ್ದರೆ ಹೇಗೆ, ಅಲ್ವಾ? ಆದರೆ ವಯಸ್ಸು 72, ಸಕ್ಕರೆ ಕಾಯಿಲೆಗೇ ಇಪ್ಪತ್ತು ವರ್ಷ, ಜೊತೆಗೆ ಬಿಪಿ. ಡಾಕ್ಟರನ್ನು ಕೇಳದೆ ಹೂಂ ಅನ್ನೋಕೆ ಧೈರ್ಯ ಬರಲಿಲ್ಲ.

ಅವರು ಮೊದಲು ನೋಡಿದ್ದು ಕಾಲು. ಈಗೀಗ ಪಾದಕ್ಕೆ ಏನಾದರೂ ಚುಚ್ಚಿದರೂ ನನಗೆ ಸರಿಯಾಗಿ ತಿಳಿಯುವುದಿಲ್ಲ. ಹೊಸ ಚಪ್ಪಲಿ ಬೇಡ, ಬರಿಗಾಲಲ್ಲಿ ಓಡಾಡಬೇಡಿ ಅಂದರು. ಇಳಕಲ್ ಸೀರೆಗೆ ಸಾಕ್ಸ್ ಹಾಕಿಕೊಂಡು ಮಂಟಪಕ್ಕೆ ಬರುತ್ತೇನೆ, ನಗಬೇಡ.

ಹೋದ ಸಲದ ಕಥೆ ನಿನಗೆ ಪೂರ್ತಿ ಹೇಳಿರಲಿಲ್ಲ. ಫ್ರೀಜರಿನಿಂದ ತೆಗೆದ ಜೆಲ್ ಪ್ಯಾಕಿಗೆ ಒತ್ತಿಸಿ ಇನ್ಸುಲಿನ್ ಇಟ್ಟಿದ್ದೆ. ಬಲು ಜಾಣೆ ನಾನು! ಕರ್ಜತ್ ದಾಟಿದ ಮೇಲೆ ತೆಗೆದರೆ ಬಾಟಲಿಯೊಳಗೆ ಮಂಜುಗಡ್ಡೆ. ಒಮ್ಮೆ ಹೆಪ್ಪುಗಟ್ಟಿದರೆ ಆಮೇಲೆ ಕರಗಿದರೂ ಅದು ಉಪಯೋಗಕ್ಕಿಲ್ಲ. ಪಾಪ, ಬೆಳಿಗ್ಗೆ ನಿನ್ನ ಮನೆಯವರು ಚಹಾ ಕೂಡ ಕುಡಿಯದೆ ಮೆಡಿಕಲ್ ಅಂಗಡಿಗೆ ಓಡಿದ್ದು ಅದಕ್ಕೇ. ಈಗ ಬಳಸುವ ಇನ್ಸುಲಿನ್ ಪೆನ್ 30 ಡಿಗ್ರಿ ಮೀರದಿದ್ದರೆ 28 ದಿನ ಹೊರಗೇ ಇರಬಹುದಂತೆ. ಇನ್ನೂ ತೆರೆಯದ ಪೆನ್ನುಗಳನ್ನು ಜೆಲ್ ಪ್ಯಾಕಿಗೆ ತಾಗದ ಹಾಗೆ ಟವೆಲಿನಲ್ಲಿ ಸುತ್ತಿ ತರುತ್ತೇನೆ. ನಿಮ್ಮ ಫ್ರಿಜ್ಜಿನ ಬಾಗಿಲಲ್ಲಿ ಜಾಗ ಮಾಡು. ಫ್ರೀಜರಿನ ಹತ್ತಿರ ಮಾತ್ರ ಬೇಡ.

ದಾದರಿನಿಂದ ರಾತ್ರಿ ಗಾಡಿ, ಕೆಳಗಿನ ಬರ್ತ್ ಸಿಕ್ಕಿದೆ. ಹಿರಿಯರ ರಿಯಾಯಿತಿ 2020ರಲ್ಲೇ ನಿಂತಿತಲ್ಲ, ಪೂರ್ತಿ ದುಡ್ಡು ಕೊಟ್ಟೆ. ಸಂಡಾಸಿಗೆ ಏಳಬೇಕಾಗುತ್ತೆ ಅಂತ ನೀರೂ ಕುಡಿಯದೆ, ಬಿಪಿ ಮಾತ್ರೆಯನ್ನೂ ಬಿಟ್ಟು ಬರುವ ನನ್ನ ಹಳೇ ಚಾಳಿ ಡಾಕ್ಟರಿಗೆ ಹೇಳಿದೆ. ಚೆನ್ನಾಗಿ ಬೈದರು. ಮಾತ್ರೆಯ ಹೊತ್ತು ಅವರೇ ಬರೆದುಕೊಟ್ಟಿದ್ದಾರೆ.

ನನಗೆ ಹೆದರಿಕೆ ರೈಲಿನದ್ದಲ್ಲ, ನಮ್ಮ ಮದುವೆ ಊಟದ್ದು. ಹನ್ನೆರಡೂವರೆ ಅಂತಾರೆ, ಎಲೆ ಹಾಕುವಾಗ ಎರಡು ದಾಟಿರುತ್ತೆ. ಇಂಜೆಕ್ಷನ್ ತಗೊಂಡು ಊಟ ತಡವಾದರೆ ಸಕ್ಕರೆ ಇಳಿದು ಬಿದ್ದುಬಿಡುತ್ತೇನೆ. ಅದಕ್ಕೆ ಎಲೆ ಮುಂದೆ ಬಂದ ಮೇಲೇ ಚುಚ್ಚಿಕೊಳ್ಳೋದು. ಅಡುಗೆಯವರಿಗೆ ಹೇಳಿ ಎರಡು ಚಪಾತಿ, ಪಲ್ಯ ಮೊದಲೇ ತೆಗೆಸಿಡು. ನಾನು ಬೆವರಿ, ಕೈ ನಡುಗಿ, ಏನೇನೋ ಮಾತಾಡಿದರೆ ಮೂರ್ನಾಲ್ಕು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸು, ಹದಿನೈದು ನಿಮಿಷ ಬಿಟ್ಟು ಮೀಟರಿನಲ್ಲಿ ನೋಡು. ಫೇಡೆ ತುರುಕಬೇಡ. ಅದರಲ್ಲಿ ಕೊಬ್ಬು ಜಾಸ್ತಿ, ಸಕ್ಕರೆ ಬೇಗ ಏರಲ್ಲ. ಎಚ್ಚರವೇ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, ಸೀದಾ ಆಸ್ಪತ್ರೆ.

ಮಲಗೋಕೆ ಕೆಳಗಿನ ಕೋಣೆ ಕೊಡು, ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸು. ಸ್ಟೇಷನ್ನಿಗೆ ಹುಡುಗರನ್ನು ಕಳಿಸು, ದೊಡ್ಡ ಚೀಲ ಅವರು ಹೊರಲಿ. ಕೆಂಪು ಚೀಲ ಯಾರೂ ಕಸಿದುಕೊಳ್ಳಬೇಡಿ. ಮಾತ್ರೆ, ಪೆನ್ನು, ಡಾಕ್ಟರ ಚೀಟಿ ಎಲ್ಲ ಅದರಲ್ಲೇ ಇದೆ.

ಫೇಡೆ ಒಂದು ಎತ್ತಿಟ್ಟಿರು. ಅರ್ಧ ತಿನ್ನೋಕೆ ಡಾಕ್ಟರನ್ನು ಒಪ್ಪಿಸಿದ್ದೇನೆ.

ನಿನ್ನ ಅಕ್ಕ